ಹಾದುಹೋದವರು

ಮಲ್ಲಿಕಾರ್ಜುನ ಮನ್ಸೂರರನ್ನು ನಾನು ನೋಡಲಿಲ್ಲ. ಬಸವರಾಜ ರಾಜಗುರುಗಳನ್ನು ನೋಡಲಿಲ್ಲ. ಕುಮಾರ ಗಂಧರ್ವರನ್ನೂ ನೋಡಲಿಲ್ಲ. ಸಂಗೀತದ ಹುಚ್ಚಿರುವ ನಾಲ್ಕು ಜನ ಸೇರಿದ ಕಡೆ ಯಾರಾದರೂ ‘ನಾನು ಧಾರವಾಡದಲ್ಲಿ ಮನ್ಸೂರರನ್ನು ಎದುರಿಗೇ ಕೂತು ಕೇಳಿದ್ದೆ’ ಎಂದು ಶುರುಮಾಡಿದರೆ ನನಗೆ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಗುತ್ತದೆ. ಹೊಟ್ಟೆಕಿಚ್ಚು ಅನ್ನಲಾರೆ. ಇನ್ನಷ್ಟು ಹೇಳಲಿ ಎಂದು ಅವರ ಪಕ್ಕಕ್ಕೇ ಸರಿದು ಕೂರುವವನು ನಾನು. ಆದರೂ ಅವರಿಗೆ ಸಿಕ್ಕಿದ್ದು ನನಗೆ ಸಿಗಲಿಲ್ಲವಲ್ಲ ಎಂಬ ಕೊರಗು ಈ ವಯಸ್ಸಿಗೂ ಹೋಗಿಲ್ಲ.

ರಾಜಗುರುಗಳು ತೀರಿಕೊಂಡದ್ದು 1991ರ ಜುಲೈನಲ್ಲಿ. ಕುಮಾರ ಗಂಧರ್ವರು 1992ರ ಜನವರಿಯಲ್ಲಿ. ಮನ್ಸೂರರು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಹದಿನಾಲ್ಕು ತಿಂಗಳೊಳಗೆ ಧಾರವಾಡ–ಬೆಳಗಾವಿ ಸೀಮೆಯ ಮೂರು ದೊಡ್ಡ ಕಂಠಗಳು ನಿಂತವು. ನಾನಾಗ ಹಿರಿಯೂರಿನಲ್ಲಿ ಪಿಯುಸಿ ಓದುತ್ತಿದ್ದ ಹುಡುಗ. ಮನ್ಸೂರರು ಹೋದ ಸುದ್ದಿಯ ಬೆನ್ನಿಗೇ ರೇಡಿಯೊದಲ್ಲಿ ಅವರ ಧ್ವನಿಮುದ್ರಣ ಹಾಕಿದರು, ಅಕ್ಕಮಹಾದೇವಿಯ ವಚನ. ವಚನ ನಮಗೆ ಹೊಸದಲ್ಲ. ಸಿರಿಗೆರೆ, ಸಾಣೇಹಳ್ಳಿ, ಮುರುಘಾಮಠಗಳ ಸೀಮೆಯಲ್ಲಿ ಬೆಳೆದವರಿಗೆ ವಚನ ಕಿವಿಗೆ ಬೀಳದ ದಿನವೇ ಇಲ್ಲ. ಆದರೆ ಹೀಗೆ ಕೇಳಿರಲಿಲ್ಲ. ವಯಸ್ಸಾದ ದನಿ, ಒಂದು ಸ್ವರ ಮುಗಿಯುವ ಮೊದಲೇ ಇನ್ನೊಂದನ್ನು ಹಿಡಿದು, ಉಸಿರು ಎಲ್ಲಿ ತೆಗೆದುಕೊಂಡಿತೆಂದೇ ತಿಳಿಯದ ಹಾಗೆ ಸಾಗುತ್ತಿತ್ತು. ಅಂದರೆ ನಾನು ಅವರನ್ನು ಮೊದಲ ಸಲ ಕೇಳಿದ್ದೇ ಅವರು ಇಲ್ಲವಾದ ಮೇಲೆ. ನಮ್ಮಿಬ್ಬರ ಕಾಲ ತಾಗಿತ್ತು, ಭೇಟಿಗೆ ಮಾತ್ರ ಜಾಗ ಇರಲಿಲ್ಲ.

ನಮ್ಮ ಚಿತ್ರದುರ್ಗ ಜಿಲ್ಲೆಯವರ ಕೊರಗಿಗೆ ಇನ್ನೊಂದು ಮುಖವಿದೆ. ಇವರೆಲ್ಲ ನಮ್ಮೂರುಗಳ ಮೇಲೆಯೇ ಹಾದುಹೋದವರು. ಭೂಪಟ ನೋಡಿ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯಲ್ಲಿ ಹಿರಿಯೂರು, ಚಿತ್ರದುರ್ಗ ಹೆಚ್ಚುಕಡಿಮೆ ನಡುಮಧ್ಯ. ರೈಲಿನಲ್ಲಿ ಹೋದರೆ ಬೀರೂರು ದಾಟಿ ಹೊಸದುರ್ಗ ರೋಡ್, ಆಮೇಲೆ ಹೊಳಲ್ಕೆರೆ ತಾಲೂಕಿನ ಚಿಕ್ಕಜಾಜೂರು, ಮುಂದೆ ದಾವಣಗೆರೆ. ಬೆಂಗಳೂರು ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗೋ, ಆಕಾಶವಾಣಿಗೋ ಧಾರವಾಡದಿಂದ ಹೊರಟವರು ಈ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯಲೇಬೇಕಿತ್ತು. ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ರಾತ್ರಿ ಗಾಡಿ ನಿಂತಾಗ ಕಿಟಕಿಯಿಂದ ಕೈ ಚಾಚಿ ಚಹಾ ತೆಗೆದುಕೊಂಡ ಕೈಗಳಲ್ಲಿ ಗಂಗೂಬಾಯಿ ಹಾನಗಲ್ಲರದೂ ಒಂದಿದ್ದೀತು. ಆ ಸ್ಟೇಷನ್ನಿಗೆ ಹೋದಾಗಲೆಲ್ಲ ನನಗೆ ಇದೇ ಯೋಚನೆ. ನಮ್ಮ ಹೊಲದ ಪಕ್ಕದಿಂದಲೇ ತಂಬೂರಿಗಳು ಹೋಗಿವೆ, ಗವಸು ಹಾಕಿಕೊಂಡು.

ಧ್ವನಿಮುದ್ರಣ ಇದೆಯಲ್ಲ, ಅಷ್ಟು ಸಾಲದೇ ಎಂದು ಕೇಳುವವರಿದ್ದಾರೆ. ಧ್ವನಿಮುದ್ರಣ ಇಲ್ಲದಿದ್ದರೆ ನನ್ನಂಥವನಿಗೆ ಸಂಗೀತವೇ ಇರುತ್ತಿರಲಿಲ್ಲ, ಅದರ ಋಣ ದೊಡ್ಡದು. ಆದರೆ ಹಳೆಯ 78 ಆರ್‌ಪಿಎಂ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದುದು ಮೂರು ಚಿಲ್ಲರೆ ನಿಮಿಷ. ನಾನು ದುಡ್ಡು ಕೂಡಿಸಿ ತಂದ ಕ್ಯಾಸೆಟ್ಟಿನಲ್ಲಿ ಒಂದು ಬದಿಗೆ ಅರ್ಧ ಗಂಟೆ. ತಾನುಗಳು ಒಂದರ ಮೇಲೊಂದು ಏರಿ ಬರುತ್ತಿವೆ, ತಬಲಾದವನು ಹುರುಪಿನಲ್ಲಿದ್ದಾನೆ, ಇನ್ನೇನು ಸಮ್, ಅಂದರೆ ತಾಳಾವರ್ತದ ಮೊದಲ ಪೆಟ್ಟು, ಬರಬೇಕು ಅನ್ನುವಾಗ ಟೇಪ್ ರೆಕಾರ್ಡರಿನ ಗುಂಡಿ ‘ಟಕ್’ ಎಂದು ಮೇಲೆದ್ದುಬಿಡುತ್ತಿತ್ತು. ಅವರು ಆ ಸಮ್ಮಿಗೆ ಹೇಗೆ ಬಂದರು ಎಂದು ನನಗಿವತ್ತಿಗೂ ತಿಳಿಯದು. ಮನ್ಸೂರರೆಂದರೆ ಶಿವಮತ ಭೈರವ, ಸಂಪೂರ್ಣ ಮಾಲಕಂಸದಂಥ ಅಪರೂಪದ ರಾಗಗಳ ಭಂಡಾರ. ಅಂಥ ರಾಗವೊಂದು ಅರ್ಧದಲ್ಲಿ ಕಡಿದುಹೋದರೆ ಉಳಿದರ್ಧವನ್ನು ಬೇರೆ ಯಾರಲ್ಲಿ ಹುಡುಕುವುದು?

ಹೊಳಲ್ಕೆರೆಯಲ್ಲಿ ನನಗೆ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಧಾರವಾಡದಲ್ಲಿ ಬಿ.ಎಡ್ ಓದಿದವರು, ಮನ್ಸೂರರನ್ನು ಕೇಳಿದವರು. ‘ಹೇಗಿತ್ತು ಮೇಷ್ಟ್ರೇ?’ ಎಂದು ಎಷ್ಟು ಕಾಡಿದರೂ ಹಾಡಿನ ಬಗ್ಗೆ ಅವರು ಬಾಯಿ ಬಿಡುತ್ತಿರಲಿಲ್ಲ. ಒಂದೇ ಒಂದು ಸಂಗತಿ ಹೇಳುತ್ತಿದ್ದರು. ‘ನಡುವೆ ತಂಬೂರಿ ತಂತಿ ಇಳೀತು ಕಣಪ್ಪ. ಹಾಡೋದು ನಿಲ್ಸಿ ತಾವೇ ತಗೊಂಡು ಶ್ರುತಿ ಸೇರಿಸಾಕೆ ಕೂತ್ರು. ಎರಡು ನಿಮಿಷ ಆಗಿರಬೋದು. ಒಬ್ರೂ ಕೆಮ್ಮಲಿಲ್ಲ. ತಂತಿ ಮೇಲೇರಿ ಮೇಲೇರಿ ಷಡ್ಜಕ್ಕೆ ಬಂದು ಕೂತ್ಕಂತು ನೋಡು, ಅದು ಇನ್ನೂ ನನ್ನ ಕಿವಿಯಾಗೈತೆ.’ ಕ್ಯಾಸೆಟ್ ಕಂಪನಿಯವರು ಮೊದಲು ಕತ್ತರಿಸಿ ಎಸೆಯುವುದೇ ಅಂಥ ಎರಡು ನಿಮಿಷಗಳನ್ನು. ಮೇಷ್ಟ್ರು ಆಯುಷ್ಯಪೂರ್ತಿ ಕಾಪಿಟ್ಟುಕೊಂಡದ್ದೂ ಅವನ್ನೇ.

ದುರ್ಗದವರಿಗೆ ಕೇಳದ ಸಂಗೀತಗಾರನ ಹಂಬಲ ಹಚ್ಚಿದವರು ಕಾದಂಬರಿಕಾರ ತ.ರಾ.ಸು. ಅವರ ‘ಹಂಸಗೀತೆ’ಯ ಭೈರವಿ ವೆಂಕಟಸುಬ್ಬಯ್ಯನನ್ನು ನಮ್ಮೂರಲ್ಲಿ ತಿಳಿಯದವರು ಕಡಿಮೆ. ಪಾಳೆಯಗಾರರ ದುರ್ಗ ಬಿದ್ದ ಮೇಲೆ ಟಿಪ್ಪುವಿನ ಮುಂದೆ ಹಾಡಲೊಪ್ಪದೆ ನಾಲಗೆಯನ್ನೇ ಕತ್ತರಿಸಿಕೊಂಡ ಗಾಯಕ ಆತ. ಆತನ ಭೈರವಿ ಹೇಗಿತ್ತೋ ಕೇಳಿದವರು ಯಾರೂ ಇಲ್ಲ; ಕಾದಂಬರಿ ಓದಿದ ಎಲ್ಲರೂ ಒಳಗೇ ಕೇಳಿಸಿಕೊಂಡಿದ್ದಾರೆ. 1975ರಲ್ಲಿ ಜಿ.ವಿ. ಅಯ್ಯರ್ ಇದನ್ನು ಸಿನಿಮಾ ಮಾಡಿದಾಗ ಅನಂತನಾಗ್ ವೆಂಕಟಸುಬ್ಬಯ್ಯ ಆದರು, ಬಾಲಮುರಳಿಕೃಷ್ಣ ಆತನ ದನಿಯಾದರು. ಆ ಹಾಡಿಕೆಗೆ ಬಾಲಮುರಳಿಯವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಅದಕ್ಕೂ ಮೊದಲು, 1956ರಲ್ಲಿ, ಇದೇ ಕಥೆ ಹಿಂದಿಯಲ್ಲಿ ‘ಬಸಂತ್ ಬಹಾರ್’ ಆಗಿತ್ತು. ಅದರಲ್ಲಿ ಹಾಡಿನ ಪಂದ್ಯವೊಂದಿದೆ. ನಾಯಕನಿಗೆ ಮನ್ನಾ ಡೇ ದನಿ, ಸೋಲುವ ಎದುರಾಳಿಗೆ ಭೀಮಸೇನ ಜೋಶಿಯವರ ದನಿ. ಭೀಮಸೇನರನ್ನು ಹಾಡಿನಲ್ಲಿ ಸೋಲಿಸುವುದೆಂದರೇನು ಎಂದು ಮನ್ನಾ ಡೇ ಅಳುಕಿದ್ದರಂತೆ. ದುರ್ಗದ ಕೋಟೆಯಲ್ಲಿ ಹುಟ್ಟಿದ ಕಥೆಯೊಂದು ಮುಂಬಯಿಗೆ ಹೋಗಿ, ಗದಗಿನಲ್ಲಿ ಬೆಳೆದ ಹುಡುಗನ ಕಂಠ ಸೇರಿ, ರೇಡಿಯೊ ಹತ್ತಿ ನಮ್ಮ ಮನೆಗೇ ವಾಪಸು ಬಂತು. ಇದನ್ನು ನೆನೆದರೆ ನನಗೆ ಈಗಲೂ ರೋಮಾಂಚನ. ಹಾಗೆ ಬಂದ ಭೀಮಸೇನರನ್ನೂ ನಾನು ಎದುರಿಗೆ ಕಾಣಲಿಲ್ಲ. 2009ರ ಜುಲೈನಲ್ಲಿ ಗಂಗೂಬಾಯಿ, ಅದೇ ಡಿಸೆಂಬರಿನಲ್ಲಿ ಸಿ. ಅಶ್ವಥ್, 2010ರಲ್ಲಿ ಪುಟ್ಟರಾಜ ಗವಾಯಿಗಳು, 2011ರ ಜನವರಿಯಲ್ಲಿ ಭೀಮಸೇನರು. ಎರಡನೆಯ ಸಲವೂ ಸಾಲಾಗಿಯೇ ಹೊರಟರು.

ಹಿರಿಯೂರಿನವರಿಗೆ ಈ ಹಂಬಲ ಬೇಗ ಅರ್ಥವಾಗುತ್ತದೆ. ನಮ್ಮ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, ಕಟ್ಟಿ ಮುಗಿದದ್ದು 1907ರಲ್ಲಿ. ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ 2022ರ ಸೆಪ್ಟೆಂಬರಿನವರೆಗೆ, 89 ವರ್ಷ, ಕೋಡಿಯ ಮೇಲೆ ಒಂದು ಹನಿ ಹರಿಯಲಿಲ್ಲ. ನಮ್ಮ ಅಪ್ಪನ ತಲೆಮಾರಿನವರು ಕೋಡಿಯ ಕಥೆ ಕೇಳಿಕೊಂಡೇ ಬೆಳೆದು, ನೋಡದೆಯೇ ಹೋದರು. 2022ರಲ್ಲಿ ಜನ ಟ್ರ್ಯಾಕ್ಟರುಗಳಲ್ಲಿ ಮುದುಕ ಮುದುಕಿಯರನ್ನು ಕೂರಿಸಿಕೊಂಡು ಹೋಗಿ ತೋರಿಸಿದರು. ನಾನೂ ಹೋಗಿ ನಿಂತೆ. ಕೇಳಿದ ಕಥೆಗಳಲ್ಲಿ ನೀರಿನ ಎತ್ತರ, ಅಗಲ ಎಲ್ಲ ಇತ್ತು. ಮುಖಕ್ಕೆ ಹೊಡೆಯುವ ತಂಪು, ಕಾಲಡಿಯ ನೆಲದ ಸಣ್ಣ ನಡುಕ ಯಾವ ಕಥೆಯಲ್ಲೂ ಇರಲಿಲ್ಲ. ಮೇಷ್ಟ್ರ ಎರಡು ನಿಮಿಷ ನನಗೆ ಅರ್ಥವಾದದ್ದು ಅಲ್ಲಿ. ಆದರೆ ಮಾರಿಕಣಿವೆ ಮತ್ತೆ ತುಂಬಿತು. ಮನ್ಸೂರರು ಮತ್ತೆ ಹಾಡುವುದಿಲ್ಲ.

ಇಷ್ಟೆಲ್ಲ ದೊಡ್ಡ ಹೆಸರುಗಳ ನಡುವೆ ನನ್ನನ್ನು ಹೆಚ್ಚು ಕಾಡುವುದು ಸಿರಿಯಜ್ಜಿ. ಚಳ್ಳಕೆರೆ ತಾಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಕಾಡುಗೊಲ್ಲ ಹೆಣ್ಣುಮಗಳು. ಓದು ಬರಹ ಇಲ್ಲ. ಸಾವಿರಾರು ಹಾಡು ನಾಲಗೆಯ ಮೇಲೆ. ಕೃಷ್ಣಮೂರ್ತಿ ಹನೂರರಂಥ ವಿದ್ವಾಂಸರು ಆ ಹಟ್ಟಿಯವರೆಗೆ ನಡೆದು, ಕೂತು, ಕೇಳಿ ಬರೆದುಕೊಂಡರು. ಹಂಪಿ ವಿಶ್ವವಿದ್ಯಾಲಯ ನಾಡೋಜ ಎಂದು ಗೌರವಿಸಿತು. ಧಾರವಾಡ ನಮಗೆ ಇನ್ನೂರು ಕಿಲೋಮೀಟರಿಗೂ ಆಚೆ. ಸಿರಿಯಜ್ಜಿ ನಮ್ಮದೇ ಜಿಲ್ಲೆ. ದುರ್ಗದಲ್ಲಿ ಬಸ್ಸು ಹತ್ತಿದರೆ ಚಳ್ಳಕೆರೆ ಒಂದು ಗಂಟೆಯೂ ಇಲ್ಲ. ಆದರೂ ಪೇಟೆಯ ನಮ್ಮ ಪೈಕಿ ಆಕೆಯನ್ನು ಹಟ್ಟಿಯ ಅಂಗಳದಲ್ಲಿ ಕೂತು ಕೇಳಿದವರು ಎಷ್ಟು ಮಂದಿ? ಹಾಡುಗಳು ಈಗ ಪುಸ್ತಕದಲ್ಲಿವೆ. ಓದುತ್ತೇನೆ, ಸಾಲುಗಳು ಸೊಗಸಾಗಿವೆ. ಯಾವ ಸಾಲಿನ ಕೊನೆಯನ್ನು ಆಕೆ ಎಳೆಯುತ್ತಿದ್ದಳು, ಎಲ್ಲಿ ಸೊಲ್ಲು ಹಿಡಿಯಲು ಪಕ್ಕದವಳಿಗೆ ಬಿಟ್ಟುಕೊಡುತ್ತಿದ್ದಳು, ಪುಟ ಹೇಳುವುದಿಲ್ಲ. ಮನ್ಸೂರರ ಕ್ಯಾಸೆಟ್ಟಾದರೂ ಅಂಗಡಿಯಲ್ಲಿ ಸಿಕ್ಕಿತ್ತು. ಸಿರಿಯಜ್ಜಿಯ ಕ್ಯಾಸೆಟ್ಟನ್ನು ನಮ್ಮ ಯಾವ ಅಂಗಡಿಯಲ್ಲೂ ನಾನು ಕಾಣಲಿಲ್ಲ.

ಹಾಗೆಂದು ಎಲ್ಲ ಮುಗಿದಿಲ್ಲ. ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಸ್ವಾಮೀಜಿಯವರು 1997ರಲ್ಲಿ ಶಿವಸಂಚಾರ ತಂಡ ಕಟ್ಟಿದರು. ನವೆಂಬರಿನಲ್ಲಿ ಅಲ್ಲಿ ನಾಟಕೋತ್ಸವ ನಡೆಯುತ್ತದೆ. ತಂಡದ ಹುಡುಗ ಹುಡುಗಿಯರು ಬಯಲು ರಂಗಮಂದಿರದ ಚಳಿಯಲ್ಲಿ ವಚನ ಎತ್ತಿಕೊಂಡರೆ, ಹಾರ್ಮೋನಿಯಂ ಒಂದು ಕ್ಷಣ ಹಿಂದೆ ಬಿದ್ದು ಮತ್ತೆ ಬಂದು ಸೇರಿಕೊಳ್ಳುವುದೂ ಕೇಳಿಸುತ್ತದೆ. ಅದನ್ನು ಕೇಳಲೆಂದೇ ನಾನು ಹೋಗುತ್ತೇನೆ. ಹಿರಿಯೂರಿನ ಕಡೆಯ ಗೊಲ್ಲರಹಟ್ಟಿಗಳಲ್ಲಿ ಜುಂಜಪ್ಪನ ಕಥೆ ಹಾಡುವವರು ಇದ್ದಾರೆ. ಆ ದೇವರ ಗಣೆ, ಉದ್ದನೆಯ ಆ ಬಿದಿರ ಕೊಳಲು, ನುಡಿಸಬಲ್ಲವರೂ ಅಲ್ಲೊಬ್ಬ ಇಲ್ಲೊಬ್ಬರು ಉಳಿದಿದ್ದಾರೆ. ಬಹುಪಾಲು ವಯಸ್ಸಾದವರೇ.

ನಿಮ್ಮೂರ ಹತ್ತಿರ ಅಂಥವರೊಬ್ಬರು ಇದ್ದಾರೆಂದು ಕಿವಿಗೆ ಬಿದ್ದರೆ ಬರುವ ಭಾನುವಾರವೇ ಹೊರಡಿ, ಜಾತ್ರೆ ಬರಲೆಂದು ಕಾಯಬೇಡಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಎಲೆ ಅಡಿಕೆ ಒಯ್ಯಿರಿ. ಫೋನಿನಲ್ಲಿ ಮುದ್ರಿಸಿಕೊಳ್ಳಿ, ಖಂಡಿತ ಮುದ್ರಿಸಿಕೊಳ್ಳಿ. ಮೊದಲ ಹಾಡು ಮುಗಿಯುವವರೆಗೆ ಮಾತ್ರ ಫೋನು ಜೇಬಿನಲ್ಲೇ ಇರಲಿ.