ತಗೋ, ಆಯ್ತು

ಡಿಜಿಟಲ್ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಟ್ರೈನರ್ ಕಿಟ್ ಕೈಕೊಟ್ಟರೆ ನಾವೆಲ್ಲ ಮಾಡೋದು ಒಂದೇ ಕೆಲಸ: ಪಕ್ಕದ ಕಿಟ್‌ಗೆ ಹೋಗೋದು. ಔಟ್‌ಪುಟ್ ಬಂತು, ಅಬ್ಸರ್ವೇಶನ್ ಬುಕ್‌ಗೆ ಸೈನ್ ಬಿತ್ತು, ಮುಗೀತು. ಮೊದಲನೇ ಕಿಟ್‌ಗೆ ಏನಾಗಿತ್ತು ಅಂತ ಯಾರೂ ಕೇಳಲ್ಲ. ಪಕ್ಕದಲ್ಲಿ ಇನ್ನೊಂದು ಇಲ್ಲದಿದ್ದಾಗ ಏನು ಮಾಡಬೇಕು ಅಂತ ನಮಗೆ ಕಲಿಸಿದ್ದು ಕರೂರು ಕೈಗಾರಿಕಾ ಪ್ರದೇಶದ ಒಂದು ಶೆಡ್ಡು, ಮತ್ತು ನಮಗಿಂತ ಇಪ್ಪತ್ತು ವರ್ಷ ದೊಡ್ಡದಾದ ಒಂದು ಕಂಪ್ಯೂಟರ್.

ಅದರ ಹೆಸರು ಬಿಬಿಸಿ ಮೈಕ್ರೋ. 1981ರಲ್ಲಿ ಇಂಗ್ಲೆಂಡಿನ ಏಕಾರ್ನ್ ಕಂಪನಿ ತಂದ ಮಷಿನ್ನು. 6502 ಪ್ರೊಸೆಸರ್, 2 ಮೆಗಾಹರ್ಟ್ಸ್ ವೇಗ, 32 ಕೆಬಿ ಮೆಮೊರಿ. ನಮ್ಮ ಮೊಬೈಲಿನ ಒಂದು ಸೆಲ್ಫಿ ಕೂಡ ಅದರಲ್ಲಿ ಹಿಡಿಯಲ್ಲ. ಭಾರತಕ್ಕೆ ಇದು ಬಂದಿದ್ದು ಶಾಲೆಗಳ ಮೂಲಕ. 1984-85ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಅನ್ನೋ ಯೋಜನೆಯಲ್ಲಿ ಆಯ್ದ ಶಾಲೆಗಳಿಗೆ ಇದನ್ನ ಕೊಟ್ಟಿತು. ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಲಿಮಿಟೆಡ್‌ನವರು ಲೈಸೆನ್ಸ್ ಪಡೆದು ‘ಯೂನಿಕಾರ್ನ್’ ಅಂತ ನಮ್ಮಲ್ಲೇ ತಯಾರಿಸಿದರು ಕೂಡ.

ನಮಗೆ ಸಿಕ್ಕಿದ್ದು ಗುಜರಿ ಅಂಗಡಿಯಲ್ಲಿ. “ಭಾನುವಾರದ ತನಕ ಒಯ್ದು ನೋಡ್ರಿ. ಬೇಕಂದ್ರೆ ದುಡ್ಡು ಕೊಡ್ರಿ, ಬ್ಯಾಡಾಂದ್ರೆ ಸೋಮವಾರ ಒಡೆದು ತಾಮ್ರ ತೆಗೀತೀನಿ” ಅಂದರು ಅಂಗಡಿಯವರು. ನಾಲ್ಕು ಜನ ಪಾಕೆಟ್ ಮನಿ ಹಾಕೋಕೆ ನಮ್ಮಲ್ಲಿ ಒಂದೇ ಷರತ್ತು: ರಾಜ್ಯೋತ್ಸವದ ಸ್ಟಾಲಿನಲ್ಲಿ ಅದು ಕನ್ನಡ ಅಕ್ಷರ ಪ್ರಿಂಟ್ ಮಾಡಬೇಕು.

ಪ್ರಿಂಟರ್ ಇದ್ದಿದ್ದು ಕರೂರಿನಲ್ಲಿ, ನಮ್ಮ ಗೆಳೆಯನ ಅಪ್ಪನ ಲೇತ್ ಶೆಡ್ಡಿನಲ್ಲಿ. ಅಲ್ಲಿ ಇವತ್ತಿಗೂ ಡೆಲಿವರಿ ಚಲನ್ ಡಾಟ್ ಮ್ಯಾಟ್ರಿಕ್ಸ್‌ನಲ್ಲೇ ಬರುತ್ತೆ. ಯಾಕಂದ್ರೆ ಸೂಜಿ ಬಡಿದರೆ ಮಾತ್ರ ಕೆಳಗಿನ ಕಾರ್ಬನ್ ಪ್ರತಿ ಮೂಡೋದು. ಲೇಸರ್ ಪ್ರಿಂಟರ್ ಕೈಯಲ್ಲಿ ಅದು ಆಗಲ್ಲ. ಅಂಕಲ್ ಒಂದು ಹಳೇ ಪ್ರಿಂಟರನ್ನ ನಮಗೆ ಬಿಟ್ಟುಕೊಟ್ಟರು.

ಕರೆಂಟ್ ಕೊಡೋ ಮುಂಚೆ ಪವರ್ ಸಪ್ಲೈನ ಮೇನ್ಸ್ ಫಿಲ್ಟರ್ ಕೆಪಾಸಿಟರ್ ಬದಲಿಸಿದೆವು. ಆ ಕಾಲದ ಕೆಪಾಸಿಟರ್‌ಗಳು ಬಿರುಕು ಬಿಟ್ಟು ತೇವ ಹೀರಿಕೊಂಡಿರ್ತವೆ, ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿಗೆ ಹೊಗೆ ಬಿಡ್ತವೆ. ಟಿವಿ ಮೇಲೆ ಅಕ್ಷರ ಬಂತು. *ಎಫ್‌ಎಕ್ಸ್ 5,1 ಅಂತ ಕೊಟ್ಟು ಪ್ಯಾರಲಲ್ ಪ್ರಿಂಟರ್ ಆರಿಸಿ, ಕಂಟ್ರೋಲ್-ಬಿ ಒತ್ತಿ, ಪ್ರೋಗ್ರಾಮ್ ಲಿಸ್ಟ್ ಮಾಡಿದೆವು. ಅರವತ್ತು ಚಿಲ್ಲರೆ ಅಕ್ಷರ ಆದಮೇಲೆ ಪರದೆಯೇ ನಿಂತುಹೋಯ್ತು. ಕಾಗದ ಖಾಲಿ.

ಅಂಕಲ್ ಬಂದು ನೋಡಿದರು. ಅವರಿಗೆ ಕಂಪ್ಯೂಟರ್ ಗೊತ್ತಿಲ್ಲ, ಕೆಲಸ ಗೊತ್ತು. ಸ್ಟ್ರೋಬ್, ಅಕ್ನಾಲೆಜ್ ಅಂತ ನಾವು ಹೇಳಿದ್ದನ್ನ ಕೇಳಿ, “ಲಾರಿಗೆ ಮಂಡಕ್ಕಿ ಚೀಲ ಹತ್ಸೋದು ನೋಡಿಲ್ಲೇನ್ರೋ? ಕೆಳಗಿರೋನು ‘ತಗೋ’ ಅಂತಾನೆ. ಮೇಲಿರೋನು ‘ಆಯ್ತು’ ಅಂತಾನೆ. ‘ಆಯ್ತು’ ಕೇಳಿಸ್ದೇ ಇದ್ರೆ ಕೆಳಗಿನೋನು ಇನ್ನೊಂದು ಚೀಲ ಎತ್ತಲ್ಲ. ಯಾರ ಮಾತು ಯಾರಿಗೆ ಕೇಳಿಸ್ತಿಲ್ಲ ಅಂತ ಮೊದ್ಲು ನೋಡ್ರಿ” ಅಂದರು.

ನರ್ಸರಿಯಿಂದ ಇಂಗ್ಲಿಷ್ ಮೀಡಿಯಂನಲ್ಲೇ ಓದಿದ ನಮಗೆ ಹ್ಯಾಂಡ್‌ಶೇಕಿಂಗ್‌ನ ಡೆಫಿನಿಶನ್ ಬಾಯಿಪಾಠ. ಆದರೆ ಕೈಯಲ್ಲಿ ಪ್ರೋಬ್ ಹಿಡಿದು ಎಲ್ಲಿ ಇಡಬೇಕು ಅಂತ ಹೇಳಿದ್ದು ಈ ಎರಡು ಮಾತು.

ಪ್ರಿಂಟರನ್ನ ಒಂಟಿಯಾಗಿ ಪರೀಕ್ಷಿಸಿದೆವು. ಲೈನ್ ಫೀಡ್ ಗುಂಡಿ ಒತ್ತಿಹಿಡಿದು ಸ್ವಿಚ್ ಹಾಕಿದಾಗ ಸೆಲ್ಫ್ ಟೆಸ್ಟ್ ಚೆನ್ನಾಗೇ ಬಂತು. ಅಂದರೆ ಹೆಡ್ಡು, ರಿಬ್ಬನ್, ಮೋಟರ್ ಸರಿ ಇವೆ. ಕಂಪ್ಯೂಟರ್ ಕಡೆ ಸ್ಟ್ರೋಬ್ ಪಿನ್‌ಗೆ ಲಾಜಿಕ್ ಪ್ರೋಬ್ ಇಟ್ಟು ಮತ್ತೆ ಲಿಸ್ಟ್ ಕೊಟ್ಟೆವು. ಎಲ್‌ಇಡಿ ಒಂದೇ ಒಂದು ಸಲ ಮಿನುಗಿತು. ‘ತಗೋ’ ಅಂತ ಒಂದು ಸಲ ಹೇಳಿ, ‘ಆಯ್ತು’ಗೆ ಕಾಯ್ತಾ ಕೂತಿದೆ! ಬರೋ ಅಕ್ಷರಗಳೆಲ್ಲ ಬಫರ್‌ನಲ್ಲಿ ತುಂಬಿ, ಅದು ತುಂಬಿದ ಮೇಲೆ ಪರದೆಯೂ ನಿಲ್ಲುತ್ತೆ. ಲೆಕ್ಕ ಸರಿಹೋಯ್ತು.

ಬಿಬಿಸಿ ಮೈಕ್ರೋ ಪ್ರಿಂಟರಿನ ಬಿಸಿ ಲೈನನ್ನ ನೋಡೋದೇ ಇಲ್ಲ, ಅಕ್ನಾಲೆಜ್ ಒಂದನ್ನೇ ನಂಬಿಕೊಂಡಿರುತ್ತೆ. ಆಪಲ್ 2ರಲ್ಲಾದರೆ ಪ್ರಿಂಟರ್‌ಗೆ ಬೇರೆ ಇಂಟರ್‌ಫೇಸ್ ಕಾರ್ಡ್ ಸಿಕ್ಕಿಸಬೇಕು. ಇದರಲ್ಲಿ ಆ ಕೆಲಸ ಬೋರ್ಡಿನ ಮೇಲಿರೋ 6522 ಚಿಪ್‌ನದು. ಪೋರ್ಟಿನ 26 ಪಿನ್‌ಗಳಲ್ಲಿ ಅಕ್ನಾಲೆಜ್ 19ನೇದು. ಚಪ್ಪಟೆ ಕೇಬಲ್ಲಿನ 19ನೇ ತಂತಿ ಪ್ರಿಂಟರ್ ಕಡೆಯ 36 ಪಿನ್ನಿನ ಸೆಂಟ್ರಾನಿಕ್ಸ್ ಕನೆಕ್ಟರಿನಲ್ಲಿ 10ನೇ ಪಿನ್‌ಗೆ ಹೋಗಿ ಸೇರುತ್ತೆ. ಎರಡೂ ತುದಿಗೆ ಮಲ್ಟಿಮೀಟರ್ ಹಿಡಿದೆವು. ಬೀಪ್ ಇಲ್ಲ. ಕನೆಕ್ಟರಿನ ಬುಡದಲ್ಲಿ, ಕೇಬಲ್ ಮಡಚಿದ ಜಾಗದಲ್ಲಿ, ತಂತಿ ಒಳಗೇ ತುಂಡಾಗಿತ್ತು.

ಎರಡು ಇಂಚು ಕತ್ತರಿಸಿ, ಹೊಸ ಕನೆಕ್ಟರ್ ಇಟ್ಟು, ಶೆಡ್ಡಿನ ಬೆಂಚ್ ವೈಸ್‌ನಲ್ಲಿ ನಿಧಾನಕ್ಕೆ ಒತ್ತಿದೆವು. ಪ್ರಿಂಟರ್ ಕಿರ್ರೆಂದಿತು. ಆದರೆ ಎಲ್ಲ ಸಾಲೂ ಒಂದರ ಮೇಲೊಂದು! ಇದು ರಿಪೇರಿ ಮಾಡೋ ವಿಷಯ ಅಲ್ಲ. ಬಿಬಿಸಿ ಮೈಕ್ರೋ ತಾನಾಗಿ ಲೈನ್ ಫೀಡ್ ಕಳಿಸಲ್ಲ, ಕಾಗದ ಸರಿಸೋದು ಪ್ರಿಂಟರಿನ ಪಾಲಿಗೆ ಅಂತ ಬಿಟ್ಟಿರುತ್ತೆ. *ಎಫ್‌ಎಕ್ಸ್ 6,0 ಅಂದರೆ ಕಳಿಸೋಕೆ ಶುರುಮಾಡುತ್ತೆ.

ಆ ಕಂಪ್ಯೂಟರಿಗೂ ಕನ್ನಡ ಬರಲ್ಲ, ಪ್ರಿಂಟರಿಗೂ ಬರಲ್ಲ. ಗ್ರಾಫ್ ಶೀಟಿನಲ್ಲಿ 16 ಚುಕ್ಕಿ ಎತ್ತರದ ‘ಅ’ ಬರೆದು, ಚುಕ್ಕಿಗಳನ್ನ ಸಂಖ್ಯೆ ಮಾಡಿ, ಎಂಟೆಂಟು ಚುಕ್ಕಿಯಂತೆ ಎರಡು ಸಾಲಿನಲ್ಲಿ ಕಳಿಸಿದೆವು. ಭಾನುವಾರ ಸಂಜೆ ‘ಅ’ ಕಾಗದದ ಮೇಲೆ ಬಂತು, ಕೆಳಗಿನ ಕಾರ್ಬನ್ ಪ್ರತಿಯಲ್ಲೂ ಬಂತು. ಆ ಪ್ರತಿಯನ್ನ ಅಂಕಲ್ ತಮ್ಮ ಚಲನ್ ಫೈಲಿನಲ್ಲಿ ಇಟ್ಟುಕೊಂಡರು. ಗುಜರಿ ಅಂಗಡಿಯವರಿಗೆ ದುಡ್ಡು ಮುಟ್ಟಿಸಿದೆವು.

ಮಷಿನ್ನು ಈಗ ಸಂಘದ ಕೋಣೆಯಲ್ಲಿದೆ. ವರ್ಣಮಾಲೆಯಲ್ಲಿ ಒಂದು ಅಕ್ಷರ ಆಯ್ತು, ಇನ್ನೂ 48 ಬಾಕಿ. ಗ್ರಾಫ್ ಶೀಟ್, ಪೆನ್ಸಿಲ್ ತಗೊಂಡು ಬನ್ನಿ.