ಓಡುವ ಟೇಪಿನಲ್ಲಿ ನಿಂತ ಚಿತ್ರ

ಮದುವೆ, ಸೀಮಂತ, ಜಾತ್ರೆಗಳಲ್ಲಿ ಚಲಿಸುವುದನ್ನು ಚಲಿಸುವಂತೆಯೇ ಹಿಡಿದಿಡಲೆಂದು ನಿರ್ಮಿತವಾದ ಹ್ಯಾಂಡಿಕ್ಯಾಮಿನಿಂದ ಸ್ಥಿರಚಿತ್ರಗಳನ್ನೂ ತೆಗೆಯಬಹುದೆಂಬ ಮಾತನ್ನು ಫೋಟೋ ಸ್ಟುಡಿಯೋದವರು ಮನಸಾರೆ ಒಪ್ಪಿದ್ದನ್ನು ನಾನು ಕಂಡಿಲ್ಲ. ಅವರ ಆಕ್ಷೇಪಣೆ ನಿರಾಧಾರವೂ ಅಲ್ಲ. 1995ರಲ್ಲಿ ಬಳಕೆಗೆ ಬಂದ ಡಿಜಿಟಲ್ ಟೇಪಿನ ಒಂದು ಫ್ರೇಮಿನಲ್ಲಿ, ನಮ್ಮ ದೇಶದ ಪದ್ಧತಿಯಂತೆ, ಅಡ್ಡಕ್ಕೆ 720 ಬಿಂದುಗಳು, ಉದ್ದಕ್ಕೆ 576; ಎರಡನ್ನೂ ಗುಣಿಸಿದರೆ ನಾಲ್ಕು ಲಕ್ಷಕ್ಕೆ ತುಸು ಮಿಗಿಲು. ಕ್ಯಾಮೆರಾದ ಬದಿಯ ಪುಟ್ಟ ಕಾರ್ಡಿನ ಮೇಲೆ ತೆಗೆದ ಚಿತ್ರವಾದರೆ ಬಹುಮಟ್ಟಿಗೆ ಇನ್ನೂ ಕಡಿಮೆ, 640ಕ್ಕೆ 480. ಆರು ಇಂಚಿನ ಕಾಗದದ ಮೇಲೆ ಅದನ್ನು ಹರಡಿದರೆ ಇಂಚಿಗೆ ನೂರರ ಮೇಲೆ ಏಳು ಬಿಂದು ಮಾತ್ರ ದಕ್ಕುತ್ತವೆ. ಒಳ್ಳೆಯ ಮುದ್ರಣವು ಬಯಸುವುದು ಮುನ್ನೂರನ್ನು. ಇಷ್ಟೆಲ್ಲವನ್ನೂ ಒಪ್ಪಿಕೊಂಡ ಮೇಲೆಯೂ, ಈ ಯಂತ್ರದಿಂದಲ್ಲದೆ ಬೇರಾವುದರಿಂದಲೂ ನಮಗೆ ದೊರೆಯದಿದ್ದ ಕೆಲವು ಚಿತ್ರಗಳು ಇವೆಯೆಂಬುದು ನನ್ನ ದೃಢವಾದ ಅಭಿಪ್ರಾಯ.

ಹಾವೇರಿ ಸೀಮೆಯಲ್ಲಿ ದೀಪಾವಳಿಯ ಪಾಡ್ಯ ಕಳೆಯಿತೆಂದರೆ ಹೋರಿ ಬೆದರಿಸುವ ಹಬ್ಬ. ಕೊಬ್ಬರಿಯ ಸರ, ಬಲೂನು, ರಿಬ್ಬನ್ನು, ಜೂಲಗಳಿಂದ ಅಲಂಕೃತವಾದ ಹೋರಿಯು ಇಕ್ಕೆಲದ ಜನಸಂದಣಿಯ ನಡುವೆ ನುಗ್ಗಿ ಬರುವಾಗ, ಎದುರಿನ ಹುಡುಗರು ಆ ಕೊಬ್ಬರಿಯನ್ನು ಹರಿಯಲು ಹಾರುವ ಕ್ಷಣವಿದೆಯಲ್ಲ, ಅದನ್ನು ಸಾಧಾರಣ ಫೋಟೋ ಕ್ಯಾಮೆರಾದ ಗುಂಡಿಯೊತ್ತಿ ಹಿಡಿಯುವುದು ದುಸ್ತರ; ಬೆರಳು ಇಳಿಯುವಷ್ಟರಲ್ಲಿ ಹೋರಿ ಧೂಳನ್ನು ಮಾತ್ರ ಉಳಿಸಿ ಮುಂದೆ ಹೋಗಿರುತ್ತದೆ. ವಿಡಿಯೋ ಕ್ಯಾಮೆರಾ ಕ್ಷಣವನ್ನು ಆರಿಸುವ ಹೊಣೆಯನ್ನು ಬೆರಳಿನಿಂದ ಕಿತ್ತುಕೊಂಡು, ಮನೆಗೆ ಬಂದ ಮೇಲೆ ಸಾವಧಾನವಾಗಿ ನೋಡುವ ಕಣ್ಣಿಗೆ ಒಪ್ಪಿಸುತ್ತದೆ. 1878ರಲ್ಲಿ ಅಮೆರಿಕದ ಪಾಲೋ ಆಲ್ಟೋದಲ್ಲಿ ಛಾಯಾಗ್ರಾಹಕ ಮೈಬ್ರಿಜನು, ಓಡುವ ಕುದುರೆಯ ನಾಲ್ಕು ಗೊರಸುಗಳೂ ಏಕಕಾಲದಲ್ಲಿ ನೆಲ ಬಿಡುತ್ತವೆಯೇ ಎಂಬುದನ್ನು ನಿರ್ಣಯಿಸಲು, ಓಟದ ದಾರಿಯ ಪಕ್ಕದಲ್ಲಿ ಸಾಲಾಗಿ ಕ್ಯಾಮೆರಾಗಳನ್ನೇ ನಿಲ್ಲಿಸಬೇಕಾಯಿತು. ನಮ್ಮ ಕಡೆಯ ಹೋರಿಯ ವಿಷಯದಲ್ಲಿ ಅದೇ ಪ್ರಶ್ನೆಗೆ ಅಂಗೈಯಗಲದ ಯಂತ್ರವೊಂದು ಉತ್ತರ ಹೇಳಿತು: ನಾಲ್ಕೂ ಕಾಲು ನೆಲ ಬಿಟ್ಟ ಹೋರಿಯ ಚಿತ್ರ ನನ್ನ ಬಳಿ ಇದೆ.

ಆದರೆ ಆ ಚಿತ್ರವು ಟೇಪಿನಿಂದ ಹಾಗೆಯೇ ಇಳಿದು ಬಂದದ್ದಲ್ಲ. ಸೆಕೆಂಡಿಗೆ 25 ಫ್ರೇಮುಗಳೆಂದು ಹೇಳುವುದು ವಾಡಿಕೆಯಾದರೂ, ಈ ಕ್ಯಾಮೆರಾಗಳು ಒಂದು ಫ್ರೇಮಿನ ಬೆಸ ಗೆರೆಗಳನ್ನು ಒಂದು ಸಲಕ್ಕೆ, ಸಮ ಗೆರೆಗಳನ್ನು ಮತ್ತೊಂದು ಸಲಕ್ಕೆ ಹಿಡಿಯುತ್ತವೆ; ಎರಡರ ನಡುವೆ ಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟು ಕಾಲ ಸರಿದುಹೋಗಿರುತ್ತದೆ. ಸೆಕೆಂಡಿಗೆ ಎಂಟು ಮೀಟರಿನಂತೆ ಓಡುವ ಹೋರಿ ಅಷ್ಟರೊಳಗೆ ಹದಿನಾರು ಸೆಂಟಿಮೀಟರು ಮುಂದೆ ಸಾಗುವುದರಿಂದ, ನಾವು ಒಂದೆಂದು ಭಾವಿಸಿದ ಚಿತ್ರದಲ್ಲಿ ಎರಡು ಕಾಲಗಳ ಹೋರಿಗಳು ಒಂದರೊಳಗೊಂದು ಹೆಣೆದುಕೊಂಡು, ಕೋಡಿನ ಅಂಚು ಬಾಚಣಿಕೆಯ ಹಲ್ಲಿನಂತೆ ಸೀಳಿ ತೋರುತ್ತದೆ. ಒಂದು ಕಾಲದ ಗೆರೆಗಳನ್ನು ತೆಗೆದುಹಾಕಿ, ಉಳಿದ 288 ಗೆರೆಗಳ ನಡುವಣ ತೆರಪನ್ನು ಕಂಪ್ಯೂಟರಿನಲ್ಲಿ ತುಂಬಿಕೊಳ್ಳಬೇಕು. ಸೂಕ್ಷ್ಮತೆ ಅರ್ಧಕ್ಕೆ ಇಳಿಯುತ್ತದೆ, ನಿಜ. ಆದರೆ ಹೋರಿ ಒಂದೇ ಆಗುತ್ತದೆ. ಷಟರಿನ ವೇಗವನ್ನು ಮೊದಲೇ ಐನೂರನೆಯ ಒಂದು ಭಾಗಕ್ಕೆ ಏರಿಸಿಟ್ಟುಕೊಂಡಿದ್ದರಂತೂ ಕೊಬ್ಬರಿಯ ಬಟ್ಟಲುಗಳೂ ಬೇರೆಬೇರೆಯಾಗಿ ಕಾಣುತ್ತವೆ.

ಈ ಯಂತ್ರಕ್ಕೆ ಒಗ್ಗದ ವಸ್ತುಗಳೂ ನಮ್ಮಲ್ಲಿವೆ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಲೋಕಪ್ರಸಿದ್ಧ. ಕಣದ ತುಂಬ ಹರಡಿದ ಆ ಕೆಂಪನ್ನು ವಿಡಿಯೋದಿಂದ ಎತ್ತಿದ ಫ್ರೇಮಿನಲ್ಲಿ ನೋಡಿದವರಿಗೆ ನಿರಾಶೆಯೇ ಗತಿ. ಬೆಳಕಿನ ತರತಮವನ್ನು ಪ್ರತಿಯೊಂದು ಬಿಂದುವಿಗೂ ಬರೆದಿಡುವ ಟೇಪು, ಬಣ್ಣವನ್ನು ಮಾತ್ರ ನಾಲ್ಕು ಬಿಂದುಗಳಿಗೆ ಒಂದರಂತೆ ಬರೆಯುತ್ತದಾದ್ದರಿಂದ, ಕಾಯಿಯ ಸುಕ್ಕು, ತೊಟ್ಟಿನ ಕೊಂಕುಗಳೆಲ್ಲ ಕೆಂಪು ಕೆಸರಿನಲ್ಲಿ ಅಳಿಸಿಹೋಗುತ್ತವೆ. ಉಜ್ಜಯಿನಿಯ ಚಂದ್ರಗುಪ್ತ ವಿಕ್ರಮಾದಿತ್ಯನ ವಂಶದವರೆಂದು ಹೇಳಿಕೊಂಡ ಗುತ್ತರ ರಾಜಧಾನಿಯಾಗಿದ್ದ ನಮ್ಮ ಗುತ್ತಲದ ಸುತ್ತಮುತ್ತ, ತುಂಗಭದ್ರೆಯ ದಂಡೆಯ ಚೌಡದಾನಪುರದ ಮುಕ್ತೇಶ್ವರ, ವರದಾ ಸಂಗಮದ ಗಳಗನಾಥ ಮೊದಲಾಗಿ ಇರುವ ದೇಗುಲಗಳ ಶಿಲ್ಪವನ್ನು ಚಿತ್ರಿಸಲೂ ಇದು ಸಾಧನವಲ್ಲ. ಕಲ್ಲು ಎಷ್ಟು ಹೊತ್ತಾದರೂ ಕಾಯುತ್ತದೆ. ಅದಕ್ಕೆ ತಕ್ಕ ಕ್ಯಾಮೆರಾವನ್ನೇ ಒಯ್ಯುವುದು ಯೋಗ್ಯ. ಅನಿವಾರ್ಯವಾದಾಗ, ಯಂತ್ರವನ್ನು ಸ್ಟ್ಯಾಂಡಿನ ಮೇಲೆ ಅಲುಗದಂತೆ ನಿಲ್ಲಿಸಿ, ಒಂದು ಸೆಕೆಂಡಿನ 25 ಫ್ರೇಮುಗಳನ್ನೂ ಕೂಡಿಸಿ ಸರಾಸರಿ ತೆಗೆದರೆ ನವರಂಗದ ಕತ್ತಲಿನಲ್ಲಿ ಮುಸುಕುವ ಕಾಳುಕಾಳಾದ ಮಬ್ಬು ಸುಮಾರು ಐದನೆಯ ಒಂದು ಭಾಗಕ್ಕೆ ಇಳಿಯುತ್ತದೆಂಬುದನ್ನಷ್ಟೇ ಹೇಳಬಲ್ಲೆ.

ಮನುಷ್ಯರ ಮುಖದ ಮಾತು ಬೇರೆ. ನಮ್ಮ ಕಡೆಯ ಹಿರಿಯರು ಫೋಟೋ ಎಂದೊಡನೆ ಸೆರಗನ್ನು ಸರಿಪಡಿಸಿಕೊಂಡು, ಉಸಿರನ್ನು ಬಿಗಿಹಿಡಿದು, ನ್ಯಾಯಸ್ಥಾನದ ಮುಂದೆ ನಿಂತವರಂತೆ ನಿಲ್ಲುತ್ತಾರೆ; ‘ಯವ್ವಾ, ಒಂದೀಟು ನಗಬೇ’ ಎಂದು ಎಷ್ಟು ಬೇಡಿಕೊಂಡರೂ ಆ ಬಿಗುವು ಸಡಿಲುವುದಿಲ್ಲ. ನನ್ನ ದೊಡ್ಡವ್ವನವರು ತೀರಿಕೊಂಡಾಗ ಮನೆಯಲ್ಲಿದ್ದುದು ಮತದಾರರ ಗುರುತಿನ ಚೀಟಿಯ ಮೇಲಣ ಅಂಥದೊಂದು ಚಿತ್ರ. ಅದನ್ನು ಕಂಡ ಅವರ ಮಗಳು, ‘ಇದು ನಮ್ಮವ್ವನ ಮಾರೀನs ಅಲ್ಲ’ ಎಂದಳು. ಆಗ ನೆನಪಾದದ್ದು ಅವಳ ಮದುವೆಯ ಟೇಪು.

ಒಂದು ಗಂಟೆಯ ಟೇಪಿನಲ್ಲಿ ತೊಂಬತ್ತು ಸಾವಿರ ಫ್ರೇಮುಗಳಿರುತ್ತವೆ. ದೊಡ್ಡವ್ವನವರು ಅದರಲ್ಲಿ ಕಾಣಿಸಿಕೊಂಡದ್ದು ಕೆಲವೇ ನಿಮಿಷ, ಅದೂ ಬೀಗರ ಪಂಕ್ತಿಯ ಮೇಲ್ವಿಚಾರಣೆಯ ಅವಸರದಲ್ಲಿ. ಆದರೂ ಒಂದೊಂದೇ ಫ್ರೇಮನ್ನು ಮುಂದೆ ಸರಿಸುತ್ತ ಹೋದಂತೆ, ಹುಬ್ಬೇರಿಸಿದ, ಗದರಿದ, ಗದರಿದ ಮರುಕ್ಷಣವೇ ತುಟಿಯಂಚಿನಲ್ಲಿ ನಗೆ ತಂದುಕೊಂಡ ಮುಖಗಳು ಒಂದರ ಹಿಂದೊಂದು ಬಂದವು. ಆ ಕಾಲದ ಕ್ಯಾಮೆರಾಗಳಲ್ಲಿ ಫೋಟೋ ಗುಂಡಿಯನ್ನು ಒತ್ತಿದರೆ ಅದೊಂದೇ ಚಿತ್ರವು ಟೇಪಿನ ಮೇಲೆ ಆರೇಳು ಸೆಕೆಂಡು ನಿಶ್ಚಲವಾಗಿ ಅಚ್ಚಾಗುತ್ತಿತ್ತು, ಶಬ್ದವು ಮಾತ್ರ ನಿಲ್ಲದೆ ಹರಿಯುತ್ತಿತ್ತು. ಅಂಥ ಒಂದು ಚಿತ್ರವೂ ಅಲ್ಲಿ ದೊರೆಯಿತು: ಮುಖ ನಿಂತಿದೆ, ತುಟಿ ಅಲುಗುವುದಿಲ್ಲ, ಧ್ವನಿ ಮಾತ್ರ ಶಾವಿಗೆ ಪಾಯಸ ಈ ಸಾಲಿಗೆ ಬಂದಿಲ್ಲವೆಂದು ಕೂಗಿ ಹೇಳುತ್ತಿದೆ. ಯಾವ ಸ್ಟುಡಿಯೋದ ಬೆಲೆಬಾಳುವ ಕ್ಯಾಮೆರಾವೂ ಇದನ್ನು ಕೊಡಲಾರದು. ಹಿರಿಯ ಮಗನು ಎದುರು ನೋಡುವ ಚಿತ್ರವೇ ಬೇಕೆಂದನು. ಹೆಣ್ಣುಮಕ್ಕಳು ಪಕ್ಕಕ್ಕೆ ತಿರುಗಿ ಯಾರನ್ನೋ ಕರೆಯುತ್ತಿರುವುದನ್ನು ಆರಿಸಿದರು. ಅವರ ಆಯ್ಕೆಯೇ ಸರಿಯೆಂದು ನನಗೆ ಅಂದೂ ತೋರಿತು, ಇಂದೂ ತೋರುತ್ತದೆ. ಗೋಡೆಯಗಲಕ್ಕೆ ಹಿಗ್ಗಿಸಿದರೆ ಮುಖವು ಚೌಕಳಿಗಳಾಗಿ ಒಡೆಯುವುದರಿಂದ ಐದು ಇಂಚಿಗೆ ಮೀರದಂತೆ ಅಚ್ಚು ಹಾಕಿಸಿದೆವು.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಎಷ್ಟೋ ಮನೆಗಳ ಟ್ರಂಕುಗಳಲ್ಲಿ ಇಂಥ ಟೇಪುಗಳು ಇನ್ನೂ ಇರಬೇಕು. ಅವುಗಳಿಗೆ ಬೂಷ್ಟು ಹತ್ತುವುದಕ್ಕಿಂತ ದೊಡ್ಡ ಭಯವೆಂದರೆ ನುಡಿಸುವ ಯಂತ್ರಗಳೇ ಇಲ್ಲವಾಗುತ್ತಿರುವುದು. ದೊಡ್ಡ ಕ್ಯಾಸೆಟ್ಟಿನ ವಿಸಿಆರುಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನೈ ಕಂಪನಿಯೂ 2016ರ ಜುಲೈಯಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಚೌಡದಾನಪುರಕ್ಕೆ ಶಿವದೇವರೆಂಬ ಯತಿಗಳು ಪ್ರವೇಶಿಸಿದ್ದು 1225ರ ಆಗಸ್ಟ್ 19ರಂದು ಎಂಬಷ್ಟು ಖಚಿತವಾಗಿ ಅಲ್ಲಿಯ ಶಾಸನದಿಂದ ತಿಳಿಯುವ ನಮಗೆ, ನಮ್ಮ ಮನೆಯ ಹಿರಿಯರ ಚಿತ್ರ ಯಾವ ವರ್ಷದ್ದೆಂದು ಹೇಳಲಾಗುವುದಿಲ್ಲವೆಂಬುದು ಶೋಚನೀಯವಲ್ಲವೇ? ಡಿಜಿಟಲ್ ಟೇಪಿನಲ್ಲಿ ಇದಕ್ಕೆ ಪರಿಹಾರವಿದೆ. ಕ್ಯಾಮೆರಾದ ಗಡಿಯಾರವನ್ನು ಸರಿಯಾಗಿ ಇಟ್ಟಿದ್ದರೆ, ಪ್ರತಿಯೊಂದು ಫ್ರೇಮಿನ ಜೊತೆಗೂ ದಿನಾಂಕ ವೇಳೆಗಳು ಕಣ್ಣಿಗೆ ಕಾಣದಂತೆ ದಾಖಲಾಗಿರುತ್ತವೆ. ಫೈರ್‌ವೈರ್ ತಂತಿಯ ಮೂಲಕ ಇಳಿಸಿಕೊಂಡರೆ ಚಿತ್ರದೊಡನೆ ಅವೂ ಕಂಪ್ಯೂಟರಿಗೆ ಬರುತ್ತವೆ. ಸಾಧಾರಣ ಟಿವಿಯ ತಂತಿಯಿಂದ ಇಳಿಸಿದರೆ ಬರುವುದಿಲ್ಲ. ಟೇಪನ್ನು ಅಂಗಡಿಗೆ ಒಯ್ಯುವವರು ಇದೊಂದನ್ನು ಮೊದಲೇ ಕೇಳಿಕೊಂಡು, ಆರಿಸಿದ ಚಿತ್ರದ ಬೆನ್ನಿಗೆ ಆ ದಿನಾಂಕವನ್ನೂ ಚಿತ್ರದಲ್ಲಿರುವವರ ಹೆಸರನ್ನೂ ಬರೆದಿಡಬೇಕು.