ಅಮ್ಮಿಯ ಪಾಲಿನ ಬಾಗಿಲು

ಸವಣೂರಿನಲ್ಲಿರುವ ಅಮ್ಮಿಯ ತವರು ಮನೆಯನ್ನು ಕೆಡವುತ್ತಾರೆಂಬ ಸುದ್ದಿ ಬಂದದ್ದು ಒಂದು ಗುರುವಾರ ರಾತ್ರಿ. ಮಳೆಗೆ ಮಣ್ಣಿನ ಗೋಡೆ ಬಿರುಕು ಬಿಟ್ಟಿತ್ತು. ಮಾಮೂ ಆರ್‌ಸಿಸಿ ಮನೆ ಕಟ್ಟಿಸಲು ನಿರ್ಧರಿಸಿದ್ದರು. ಕೆಡವುವವನು ಕೂಲಿ ಕೇಳಿರಲಿಲ್ಲ. ಅದಕ್ಕೆ ಬದಲಾಗಿ ಮನೆಯ ಕಟ್ಟಿಗೆಯೆಲ್ಲ ತನಗಿರಲಿ ಎಂದಿದ್ದ.

ಅಮ್ಮಿ ಫೋನ್ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಆಮೇಲೆ "ನಾಡಿದ್ದು ಹೋಗೋಣ, ನನ್ನ ಪಾಲು ಕೇಳಬೇಕು" ಎಂದರು.

"ಹಣವೇ ಅಮ್ಮಿ?"

"ಅಲ್ಲ, ಬಾಗಿಲು."

ನಮ್ಮದು ಹಿರೇಕೆರೂರು. ಆಗ ನಾವೂ ಮನೆಗೆ ಎರಡು ಕೋಣೆ ಸೇರಿಸುತ್ತಿದ್ದೆವು. ಮರದ ಬೆಲೆ ಕೇಳಿ ಯಜಮಾನರು ತಲೆಯ ಮೇಲೆ ಕೈಹೊತ್ತಿದ್ದರು. ಶನಿವಾರ ಬೆಳಿಗ್ಗೆ ನಾನು ಮತ್ತು ಅಮ್ಮಿ ಹಾನಗಲ್ ಬಸ್ ಹತ್ತಿದೆವು. ಅಲ್ಲಿಂದ ಖಾಲಾರನ್ನು ಕರೆದುಕೊಳ್ಳಬೇಕಿತ್ತು.

ಖಾಲಾ ಸಿದ್ಧರಾಗುವಷ್ಟರಲ್ಲಿ ನಾನು ತಾರಕೇಶ್ವರ ದೇವಾಲಯ ನೋಡಿ ಬಂದೆ. ಹಾನಗಲ್ ಹಿಂದೆ ಪಾನುಂಗಲ್ ಎಂಬ ಹೆಸರಿನಲ್ಲಿ ಕದಂಬರ ಒಂದು ಶಾಖೆಯ ರಾಜಧಾನಿಯಾಗಿತ್ತು. ದೇವಾಲಯದ ಛಾವಣಿಯಲ್ಲಿ ಕಲ್ಲಿನ ದೊಡ್ಡ ಕಮಲವೊಂದು ತಲೆಕೆಳಗಾಗಿ ಅರಳಿದೆ. ನನ್ನ ಕಣ್ಣು ಮಾತ್ರ ಕಲ್ಲುಗಳ ಸಂದಿಯ ಮೇಲೆಯೇ ಇತ್ತು. ಆ ಕಾಲದ ಶಿಲ್ಪಿಗಳು ಗಾರೆ ಹಾಕದೆ, ಕಲ್ಲಿನ ಭಾರ ಮತ್ತು ಜೋಡಣೆಯ ಬಲದಿಂದಲೇ ಕಟ್ಟುತ್ತಿದ್ದರು. ಅಂಥ ಕಟ್ಟಡವನ್ನು ಬಿಚ್ಚಿ ಬೇರೆಡೆ ಕಟ್ಟಲೂ ಬರುತ್ತದೆ. ಶ್ರೀಶೈಲಂ ಅಣೆಕಟ್ಟಿನ ನೀರಿಗೆ ಸಿಗಲಿದ್ದ ಕೂಡಲಿ ಸಂಗಮೇಶ್ವರ ದೇವಾಲಯವನ್ನು ಹಾಗೆಯೇ ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ನಿಲ್ಲಿಸಿದ್ದಾರೆ.

ಖಾಲಾರಿಗೆ ಇದನ್ನು ಹೇಳಿದರೆ ನಕ್ಕರು. "ನನ್ನ ಹಿತ್ತಲ ಗೋಡೆ ನೋಡು" ಎಂದರು. 2019ರ ಆಗಸ್ಟ್‌ನಲ್ಲಿ ವರದಾ ನದಿ ಉಕ್ಕಿದಾಗ ಈ ಸೀಮೆಯಲ್ಲಿ ಎಷ್ಟೋ ಮಣ್ಣಿನ ಮನೆಗಳು ಬಿದ್ದವು. ಅದೇ ಮಳೆಗೆ ಖಾಲಾರ ಗೋಡೆಯೂ ಕುಸಿಯಿತು. ಬಿದ್ದ ಮಣ್ಣನ್ನೇ ನೆನೆಸಿ, ಹುಲ್ಲು ಬೆರೆಸಿ, ತುಳಿದು ಹದಮಾಡಿ ಅವರು ಮತ್ತೆ ಗೋಡೆ ಎಬ್ಬಿಸಿದ್ದಾರೆ. ಈ ಸಲ ಕೆಳಗೆ ಮೊಣಕಾಲೆತ್ತರ ಕಲ್ಲು ಕಟ್ಟಿಸಿ, ಹಂಚನ್ನು ಎರಡು ಅಡಿ ಮುಂದಕ್ಕೆ ಚಾಚಿಸಿದ್ದಾರೆ. ಬುಡಕ್ಕೂ ತಲೆಗೂ ನೀರು ತಾಗದಿದ್ದರೆ ಮಣ್ಣಿನ ಗೋಡೆ ಬಹಳ ಕಾಲ ಬಾಳುತ್ತದೆ.

ಶಿಗ್ಗಾಂವಿಯಲ್ಲಿ ಪರಿಚಯದ ಬಡಗಿಯೊಬ್ಬರು ನಮ್ಮ ಜೊತೆಯಾದರು. ಈ ತಾಲೂಕಿನ ಶಿಶುನಾಳದಲ್ಲೇ ಸಂತ ಶರೀಫರು (1819-1889) ಬಾಳಿದ್ದು. ಸೋರುವ ಮಾಳಿಗೆಯನ್ನೇ ತತ್ವಪದಕ್ಕೆ ತಂದವರು ಅವರು. ಮಾಳಿಗೆ ಸೋರಿದರೆ ಮನೆಯನ್ನೇ ಕೆಡವಬೇಕೆಂದು ಆಗ ಯಾರೂ ಯೋಚಿಸುತ್ತಿರಲಿಲ್ಲವೇನೋ ಎಂದು ಖಾಲಾ ನಿಟ್ಟುಸಿರಿಟ್ಟರು.

ಸವಣೂರು 1948ರವರೆಗೆ ನವಾಬರ ಸಂಸ್ಥಾನ, ವೀಳ್ಯದೆಲೆಗೆ ಹೆಸರಾದ ಊರು. ದೊಡ್ಡಹುಣಸೆ ಮಠದ ದೈತ್ಯ ಮರಗಳನ್ನು ನೋಡಲು ದೂರದಿಂದ ಜನ ಬರುತ್ತಾರೆ. ಆ ಮೂರರಲ್ಲಿ ಒಂದು 2023ರ ಜುಲೈ ಮಳೆಯಲ್ಲಿ ಬುಡಸಮೇತ ಉರುಳಿತು. ಅದನ್ನು ಕಡಿದು ಸಾಗಿಸದೆ, ಎತ್ತಿ ಮತ್ತೆ ನೆಟ್ಟರು.

ತವರು ಮನೆಯ ಹೊಸ್ತಿಲ ಮೇಲೆ ಅಮ್ಮಿ ಕೂತೇಬಿಟ್ಟರು. ಬಡಗಿ ಒಂದೊಂದೇ ತೊಲೆಯನ್ನು ಬೆರಳಿನಿಂದ ತಟ್ಟಿ ನೋಡಿದರು. ಏಳರಲ್ಲಿ ಎರಡರೊಳಗೆ ಗೆದ್ದಲು ಹೊಕ್ಕಿತ್ತು. "ಇವೆರಡು ಬ್ಯಾಡ್ರಿ. ಉಳಿದ ಐದು ಗಟ್ಟಿ ಅದಾವ. ಇಷ್ಟು ವರ್ಷ ಒಣಗಿದ ತ್ಯಾಗ, ಇನ್ನ ಸೊಟ್ಟ ಆಗಾಂಗಿಲ್ರಿ" ಎಂದರು.

ಮಾಮೂಗೆ ಮುಜುಗರ. "ಆಪಾ, ಹಳೆಯ ಕಟ್ಟಿಗೆ ಹೊತ್ತೊಯ್ದರೆ ಜನ ಏನಂದಾರು? ಹೊಸದೇ ಕೊಡಿಸುತ್ತೇನೆ."

ಅಮ್ಮಿ ಮೆಲ್ಲಗೆ ಕೇಳಿದರು: "ಕುರೈಶರು ಕಅಬಾವನ್ನು ಮತ್ತೆ ಕಟ್ಟಿದಾಗ ಛಾವಣಿಗೆ ಯಾವ ಮರ ಹಾಕಿದರು, ನೆನಪಿದೆಯಾ?"

ಮಾಮೂ ಸುಮ್ಮನಾದರು. ಪ್ರವಾದಿಯವರಿಗೆ (ಸ) ಆಗ 35 ವರ್ಷ, ಇನ್ನೂ ವಹ್ಯ್ ಬಂದಿರಲಿಲ್ಲ. ಸಮುದ್ರ ತೀರದಲ್ಲಿ ಒಡೆದುಹೋದ ಹಡಗೊಂದರ ಹಲಗೆಗಳನ್ನು ಕೊಂಡು ತಂದು ಕುರೈಶರು ಛಾವಣಿ ಮಾಡಿದರೆಂದು ಸೀರತ್ ಗ್ರಂಥಗಳು ಹೇಳುತ್ತವೆ. "ಅಲ್ಲಾಹನ ಮನೆಗೇ ಒಡೆದ ಹಡಗಿನ ಮರ ಆಗಿದ್ದರೆ, ನನ್ನ ಮನೆಗೆ ಅಬ್ಬಾ ಹಾಕಿಸಿದ ಬಾಗಿಲು ಆಗುವುದಿಲ್ಲವೇ? ನೀನು ಬಿಟ್ಟುಕೊಟ್ಟ ಕಟ್ಟಿಗೆಯಲ್ಲಿ ನಮ್ಮಿಬ್ಬರ ಪಾಲೂ ಇತ್ತಲ್ಲ" ಎಂದರು ಅಮ್ಮಿ. ಅವರ ದನಿಯಲ್ಲಿ ಜಗಳವಿರಲಿಲ್ಲ. ಆದರೂ ಮಾಮೂ ತಲೆ ತಗ್ಗಿಸಿದರು. ಕೆಡವುವವನಿಗೆ ಕೂಲಿಯನ್ನು ಹಣದಲ್ಲೇ ಕೊಡುವುದು, ಅದನ್ನು ಮೂವರೂ ಹಂಚಿಕೊಳ್ಳುವುದು ಎಂದು ತೀರ್ಮಾನವಾಯಿತು.

ಸೋಮವಾರ ಮನೆ ಬಿಚ್ಚಿದರು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಬಗೆಯ ಹಂಚುಗಳವು. ರೀಪಿಗೆ ಬರೀ ಸಿಕ್ಕಿಸಿಟ್ಟಿದ್ದರಿಂದ ಒಂದೊಂದಾಗಿ ಕೈಗೆ ಬಂದವು. ಬಡಗಿ ಚೌಕಟ್ಟಿನ ತುಂಡುಗಳಿಗೆ ಸೀಮೆಸುಣ್ಣದಿಂದ ಅಂಕೆ ಬರೆದರು. ಮಣ್ಣಿನಲ್ಲಿ ಕೂಡಿಸಿದ್ದ ಕಲ್ಲುಗಳೂ ಇಡಿಯಾಗಿ ಬಂದವು. ಆದರೆ ಇಪ್ಪತ್ತೈದು ವರ್ಷಗಳ ಹಿಂದೆ ಮಾಮೂ ಸಿಮೆಂಟ್ ಹಾಕಿ ಕಟ್ಟಿಸಿದ್ದ ಅಡುಗೆಕೋಣೆಯಿಂದ ಇಡೀ ಇಟ್ಟಿಗೆ ಸಿಕ್ಕಿದ್ದೇ ವಿರಳ. ಸಿಮೆಂಟಿನ ಹಿಡಿತ ಇಟ್ಟಿಗೆಗಿಂತ ಗಟ್ಟಿ. ಬಿಡಿಸಲು ಹೋದರೆ ಇಟ್ಟಿಗೆಯೇ ಒಡೆಯುತ್ತದೆ. ಎರಡು ಟ್ರ್ಯಾಕ್ಟರ್ ಕಸ ಹಳ್ಳದ ಪಾಲಾಯಿತು. ಅತ್ಯಂತ ಹೊಸ ಕೋಣೆ ಯಾರಿಗೂ ಏನನ್ನೂ ಉಳಿಸಲಿಲ್ಲ.

ಸಿಮೆಂಟೇ ಬೇಡವೆಂದು ನಾನು ಹೇಳುತ್ತಿಲ್ಲ. ನಮ್ಮ ಹೊಸ ಕೋಣೆಗಳಿಗೂ ಅದು ಬೇಕಾಯಿತು. ಆದರೆ ಜಗತ್ತಿನ ಇಂಗಾಲದ ಹೊಗೆಯಲ್ಲಿ ಶೇಕಡಾ 7ರಿಂದ 8ರಷ್ಟು ಸಿಮೆಂಟ್ ತಯಾರಿಕೆಯದ್ದೇ ಎನ್ನುವಾಗ ಅಳತೆಯಿಂದ ಬಳಸುವುದು ಮೇಲಲ್ಲವೇ? ದುಂದುವೆಚ್ಚ ಬೇಡವೆಂಬ ಮಾತನ್ನು ನಾವು ಅನ್ನದ ತಟ್ಟೆಯ ಮುಂದೆ ಮಕ್ಕಳಿಗೆ ಹೇಳುತ್ತೇವೆ. ಮನೆ ಕೆಡವುವಾಗ ಮರೆತುಬಿಡುತ್ತೇವೆ. ಸಹೋದರಿಯರೇ, ನಿಮ್ಮಲ್ಲಿ ಯಾರಾದರೂ ಹಳೆಯ ಮನೆ ತೆಗೆಸುವುದಿದ್ದರೆ, ಗುತ್ತಿಗೆಯ ಮಾತಿಗೆ ಮೊದಲು ಬಡಗಿಯನ್ನು ಕರೆಸಿ. ಬಾಗಿಲು, ಕಿಟಕಿ, ತೊಲೆ, ಹಂಚು, ಕಲ್ಲುಗಳ ಪಟ್ಟಿ ಮಾಡಿ. ಮೊಳೆಗಳನ್ನು ಕೀಳಿಸಿ, ಗೆದ್ದಲು ಹಿಡಿದದ್ದನ್ನು ಬೇರೆಯಿಡಿ. ನಿಮಗೆ ಬೇಡವಾದದ್ದು ನೆರೆಮನೆಯವರ ಹಟ್ಟಿಗಾದರೂ ಆದೀತು.

ಬಾಗಿಲು ಈಗ ಹಿರೇಕೆರೂರಿನಲ್ಲಿದೆ. ಈಗಿನ ಅಳತೆಗೆ ಅದು ಗಿಡ್ಡ. ನನ್ನ ಮಗ ಎರಡು ಸಲ ಹಣೆ ಬಡಿಸಿಕೊಂಡ ಮೇಲೆ ಬಾಗಿ ಬರುವುದನ್ನು ಕಲಿತ. ರಾತ್ರಿ ಅಗಳಿ ಹಾಕುವ ಕೆಲಸವನ್ನು ಅಮ್ಮಿ ಯಾರಿಗೂ ಬಿಟ್ಟುಕೊಡುವುದಿಲ್ಲ. ಚಿಕ್ಕಂದಿನಲ್ಲಿ ಅದು ಕೈಗೆ ಎಟುಕುತ್ತಿರಲಿಲ್ಲವಂತೆ.